ಮಲಾವಿಯ ಗುಲೆ ವಾಮ್ಕುಲು ನೋಡಲು ಹೊರಡುವವರಿಗೆ

ಆಫ್ರಿಕಾದಲ್ಲಿ ಸತ್ತವರಿಗಾಗಿ ನಡೆಯುವ ಮುಖವಾಡ ಕುಣಿತವೆಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಮಾಲಿ ದೇಶದ ಡೋಗನ್ ಜನರ ಕನಗ ಮುಖವಾಡ ಮತ್ತು ಅವರ ದಾಮಾ ಆಚರಣೆ. ಆದರೆ 2012ರಲ್ಲಿ ಆರಂಭವಾದ ಸಂಘರ್ಷವು ಡೋಗನ್ ಹಳ್ಳಿಗಳಿರುವ ಬಾಂಡಿಯಾಗರ ಸೀಮೆಗೂ ಹಬ್ಬಿರುವುದರಿಂದ, ಸದ್ಯಕ್ಕೆ ಅಲ್ಲಿಗೆ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ. ಇಂಥದೇ ಪರಂಪರೆಯನ್ನು ಅದರ ನೆಲದಲ್ಲೇ ನೋಡಬೇಕೆನ್ನುವವರಿಗೆ ಮಲಾವಿಯ ಚೇವಾ ಜನರ ಗುಲೆ ವಾಮ್ಕುಲು ಇದೆ. 2008ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಈ ಕುಣಿತವು ಇಂದಿಗೂ ಹಳ್ಳಿಯ ಸಾವು, ದೀಕ್ಷೆ ಮತ್ತು ಮುಖ್ಯಸ್ಥನ ಪಟ್ಟಾಭಿಷೇಕಗಳ ಭಾಗವಾಗಿಯೇ ಉಳಿದಿದೆ.

ಕುಣಿಯುವವರು ನ್ಯಾವು ಎಂಬ ರಹಸ್ಯ ಕೂಟದ ಸದಸ್ಯರು. ಚೇವಾ ಸಮಾಜವು ಮಾತೃವಂಶೀಯವಾದ್ದರಿಂದ, ಮದುವೆಯಾಗಿ ಹೆಂಡತಿಯ ಊರಿಗೆ ಬಂದ ಗಂಡಸರಿಗೆ ಅಲ್ಲಿ ಹೆಚ್ಚಿನ ಸ್ಥಾನವಿರುತ್ತಿರಲಿಲ್ಲ. ಬೇರೆ ಬೇರೆ ಊರುಗಳ ಗಂಡಸರನ್ನು ಒಂದುಗೂಡಿಸಿದ್ದು ಈ ಕೂಟವೇ. ಮುಖವಾಡ ಧರಿಸಿದವನನ್ನು ಮನುಷ್ಯನೆಂದು ಪರಿಗಣಿಸುವುದಿಲ್ಲ. ಅವನು ಕಾಡಿನ ಪ್ರಾಣಿ ಅಥವಾ ಸ್ಮಶಾನದಿಂದ ಎದ್ದು ಬಂದ ಪೂರ್ವಜರ ಆತ್ಮ. ಆದ್ದರಿಂದ ಕುಣಿದವರು ಯಾರೆಂದು ವಿಚಾರಿಸುವುದು, ಕುಣಿತದ ನಂತರ ಅವರನ್ನು ಹಿಂಬಾಲಿಸುವುದು ದೊಡ್ಡ ಅಪಚಾರ. ಮುಖವಾಡಗಳು ಸಿದ್ಧಗೊಳ್ಳುವ ದಂಬ್ವೆ ಎಂಬ ತೋಪಿಗೆ ದೀಕ್ಷೆ ಪಡೆಯದವರಿಗೆ ಪ್ರವೇಶವಿಲ್ಲ, ಎಷ್ಟು ಹಣ ಕೊಟ್ಟರೂ ಅಲ್ಲಿಗೆ ಹೋಗಲು ಪ್ರಯತ್ನಿಸಬಾರದು.

ಬೆಂಗಳೂರಿನಿಂದ ಹೋಗುವವರಿಗೆ ಇಥಿಯೋಪಿಯಾದ ಆಡಿಸ್ ಅಬಾಬಾ ಮೂಲಕ ಮಲಾವಿಯ ರಾಜಧಾನಿ ಲಿಲೋಂಗ್ವೆ ತಲುಪುವ ದಾರಿ ಅನುಕೂಲಕರ. ಇಥಿಯೋಪಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿರುವುದರಿಂದ ಲಸಿಕೆಯ ಪ್ರಮಾಣಪತ್ರ ಜೊತೆಗಿರಲಿ. ಭಾರತಕ್ಕೆ ಮರಳುವಾಗಲೂ ಅದನ್ನು ಕೇಳಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಅದು ಮಾನ್ಯವಾಗುವುದರಿಂದ ಕೊನೆಯ ವಾರದವರೆಗೆ ಕಾಯಬೇಡಿ. ಮಲೇರಿಯಾ ಮಾತ್ರೆಗಳನ್ನೂ ವೈದ್ಯರನ್ನು ಕೇಳಿ ಆರಂಭಿಸಿ. ಜುಲೈನ ಸುಗ್ಗಿ ಮುಗಿದ ನಂತರದ ತಿಂಗಳುಗಳು ಕುಣಿತದ ಕಾಲ, ಮಳೆಯ ತೊಂದರೆಯೂ ಇರುವುದಿಲ್ಲ.

ಲಿಲೋಂಗ್ವೆಯಿಂದ ದಕ್ಷಿಣಕ್ಕೆ ಸುಮಾರು 85 ಕಿಲೋಮೀಟರ್ ದೂರದ ಡೆಡ್ಜಾದಲ್ಲಿ ತಂಗುವುದು ಒಳ್ಳೆಯದು. ಸುಮಾರು 1,600 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಜುಲೈ ರಾತ್ರಿಗಳು ಸ್ವೆಟರ್ ಇಲ್ಲದೆ ಕಳೆಯುವಂಥವಲ್ಲ. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಸಾಗುತ್ತವೆ, ಆದರೆ ಪೆಟ್ರೋಲ್ ಕೊರತೆ ಆಗಾಗ ಕಾಡುವುದರಿಂದ ಬಾಡಿಗೆ ಕಾರಿನ ಟ್ಯಾಂಕನ್ನು ರಾಜಧಾನಿಯಲ್ಲೇ ತುಂಬಿಸಿಕೊಳ್ಳಿ. ಡೆಡ್ಜಾ ಬಳಿಯ ಚೊಂಗೋನಿ ಬೆಟ್ಟಗಳಲ್ಲಿ 127 ಶಿಲಾಚಿತ್ರ ತಾಣಗಳಿವೆ. ಕೆಂಪು ಬಣ್ಣದ ಹಳೆಯ ಗೆರೆಗಳ ಜೊತೆಗೆ ಚೇವಾ ಜನರು ಬಿಳಿ ಜೇಡಿಯಲ್ಲಿ ಬರೆದ ನ್ಯಾವು ಆಕೃತಿಗಳನ್ನೂ ಅಲ್ಲಿ ನೋಡಬಹುದು. ಸ್ಥಳೀಯ ಮಾರ್ಗದರ್ಶಕರಿಲ್ಲದೆ ಈ ಬಂಡೆಗಳನ್ನು ಹುಡುಕುವುದು ಕಷ್ಟ.

ಕುಣಿತ ನೋಡುವ ಮೊದಲು ಮುವಾಗೆ ಹೋಗಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೆಟ್ಟದ ಮೇಲಿಂದ ಮಲಾವಿ ಸರೋವರದ ಬಯಲಿಗೆ ಇಳಿದಾಗ ಸಿಗುವ ಈ ಮಿಷನ್ ಊರಿನಲ್ಲಿ, ಕೆನಡಾದ ಪಾದ್ರಿ ಕ್ಲಾಡ್ ಬುಶೆ 1976ರಲ್ಲಿ ಕುಂಗೋನಿ ಕಲಾಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿನ ಚಮಾರೆ ವಸ್ತುಸಂಗ್ರಹಾಲಯದ ಒಂದು ಕೋಣೆಯ ಗೋಡೆ, ಸೂರುಗಳಿಂದ ನೂರಾರು ಮುಖವಾಡಗಳು ನಮ್ಮನ್ನೇ ನೋಡುತ್ತವೆ. ಕೆಂಪು ಮುಖದ ಸಿಮೋನಿ ಬಿಳಿಯ ಅಧಿಕಾರಿಯ ಅಣಕ. ಗುಲಾಮರ ವ್ಯಾಪಾರಿಯೂ ಇದ್ದಾನೆ. ಪ್ರತಿಯೊಂದು ಮುಖವಾಡವೂ ಹೀಗೆ ಬದುಕಬೇಕು ಅಥವಾ ಹೀಗೆ ಬದುಕಬಾರದು ಎಂಬ ಪಾಠವನ್ನು ಊರಿಗೆ ಹೇಳುತ್ತದೆ ಎಂದು ಅಲ್ಲಿ ತಿಳಿದುಕೊಂಡ ಮೇಲೆಯೇ ನನಗೆ ಕುಣಿತದ ಅರ್ಥ ಹಿಡಿತಕ್ಕೆ ಬಂದಿತು. ಮೊದಲೇ ತಿಳಿಸಿದರೆ ಕೇಂದ್ರದವರು ಕುಣಿತವನ್ನೂ ಏರ್ಪಡಿಸುತ್ತಾರೆ.

ನಾನು ಕಣ್ಣು ಕೀಳದೆ ನೋಡಿದ್ದು ಕಸಿಯಾ ಮಲಿರೊವನ್ನು. ಬಿದಿರಿನ ಚೌಕಟ್ಟಿನ ಮೇಲೆ ಹುಲ್ಲು ಮತ್ತು ಮೆಕ್ಕೆಜೋಳದ ಸಿಪ್ಪೆಯನ್ನು ಹೆಣೆದು ಮಾಡಿದ ಈ ದೊಡ್ಡ ಜಿಂಕೆಯಾಕಾರವನ್ನು ಒಳಗಿರುವವರು ಹೊತ್ತು ಸಾಗುತ್ತಾರೆ. ಅದು ನೆಲಕ್ಕೆ ತಾಗುವಷ್ಟು ಇಳಿದಿರುವುದರಿಂದ ಒಳಗಿನವರ ಪಾದಗಳೂ ಕಾಣುವುದಿಲ್ಲ. ಧೂಳಿನ ಮೇಲೆ ತೇಲಿದಂತೆ ಬಂದು, ಡೋಲಿನ ಪೆಟ್ಟಿಗೆ ಸರಿಯಾಗಿ ಗಿರ್ರನೆ ತಿರುಗುತ್ತದೆ. ಹೆಂಗಸರು ಚಪ್ಪಾಳೆ ತಟ್ಟುತ್ತಾ ಹಾಡಿನಲ್ಲೇ ಅದಕ್ಕೆ ಉತ್ತರ ಕೊಡುತ್ತಾರೆ. ನಿಜವಾದ ಸಾವಿನ ಸಂದರ್ಭದಲ್ಲಿ ಸತ್ತವರ ಆತ್ಮವನ್ನು ಪೂರ್ವಜರ ಬಳಿಗೆ ಒಯ್ಯುವುದು ಇದೇ. ಕೆಲಸ ಮುಗಿದ ಮೇಲೆ ಇಂಥ ಆಕೃತಿಗಳನ್ನು ಸುಟ್ಟುಬಿಡುತ್ತಾರೆ.

ಹಳ್ಳಿಯಲ್ಲಿ ಸಾವಾಗಿದೆ ಎಂದು ಕೇಳಿ ಕ್ಯಾಮೆರಾ ಹಿಡಿದು ಓಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಮನೆಯವರು ಯಾರನ್ನೋ ಕಳೆದುಕೊಂಡಿದ್ದಾರೆ. ಊರಿನ ಮುಖ್ಯಸ್ಥರ ಅನುಮತಿಯನ್ನು ಮಾರ್ಗದರ್ಶಕರ ಮೂಲಕ ಕೇಳಿ, ಒಪ್ಪಿದರೆ ತೋರಿಸಿದ ಜಾಗದಲ್ಲೇ ಕುಳಿತು, ಚಿತ್ರ ತೆಗೆಯುವ ವಿಷಯವನ್ನು ಪ್ರತ್ಯೇಕವಾಗಿ ಕೇಳಿ. ಒಪ್ಪದಿದ್ದರೆ ಮರುಮಾತಿಲ್ಲದೆ ಹಿಂದಿರುಗಿ. ಕುಣಿತಕ್ಕೆ ಮೆಚ್ಚಿ ಕೊಡಲು ಮಲಾವಿಯ ಹಣವಾದ ಕ್ವಾಚಾದ ಸಣ್ಣ ನೋಟುಗಳಿರಲಿ. ದಾರಿಯಲ್ಲಿ ಮುಖವಾಡಧಾರಿಗಳು ಎದುರಾದರೆ ಕಾರನ್ನು ನಿಧಾನಿಸಿ, ಇಳಿಯದೆ, ಅವರಿಗೆ ದಾರಿ ಬಿಡಿ.

ನಿಶ್ಚಿತ ದಿನದಂದೇ ನೋಡಬೇಕೆನ್ನುವವರು ಆಗಸ್ಟ್‌ನ ಕೊನೆಯ ಶನಿವಾರ ಜಾಂಬಿಯಾದ ಕಟೇಟೆ ಜಿಲ್ಲೆಯ ಮ್ಕೈಕಾದಲ್ಲಿ ನಡೆಯುವ ಕುಲಾಂಬಾ ಉತ್ಸವಕ್ಕೆ ಹೋಗಬಹುದು. ಮಲಾವಿ, ಜಾಂಬಿಯಾ, ಮೊಜಾಂಬಿಕ್ ಮೂರೂ ದೇಶಗಳ ಚೇವಾ ಮುಖ್ಯಸ್ಥರು ತಮ್ಮ ಅರಸ ಕಲೋಂಗಾ ಗಾವಾ ಉಂಡಿಗೆ ಗೌರವ ಸಲ್ಲಿಸಲು ಅಲ್ಲಿ ಸೇರುತ್ತಾರೆ. ಲಿಲೋಂಗ್ವೆಯಿಂದ ಮ್ಚಿಂಜಿ ಗಡಿ ದಾಟಿ ಚಿಪಾಟಾ ಮೂಲಕ ಸಾಗಬೇಕು. ಬಾಡಿಗೆ ಕಾರಿಗೆ ಗಡಿ ದಾಟುವ ಪತ್ರಗಳು ಬೇಕಾಗುತ್ತವೆ, ಮಲಾವಿಗೆ ಮರಳುವ ಯೋಜನೆಯಿದ್ದರೆ ಎರಡನೇ ಪ್ರವೇಶಕ್ಕೂ ಅನುಮತಿ ಇದೆಯೇ ಎಂಬುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ.