ಸೀಬೆಯ ಎದುರು ಕಿತ್ತಳೆ: ಅಂಕಿಗಳನ್ನು ಓದುವ ಬಗೆ

ವಿಟಮಿನ್ ಸಿ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಕಿತ್ತಳೆ. ಗುಳಿಗೆಯ ಡಬ್ಬಿಯ ಮೇಲೂ ಅದರದೇ ಚಿತ್ರವಿರುತ್ತದೆ. ಆದರೆ ಆಹಾರದ ಪೋಷಕಾಂಶಗಳ ಕೋಷ್ಟಕವನ್ನು ತೆರೆದು ನೋಡಿದರೆ, 100 ಗ್ರಾಂ ಕಿತ್ತಳೆ ತೊಳೆಗಳಲ್ಲಿ ಸುಮಾರು 53 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ, ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ ಸುಮಾರು 228 ಮಿಲಿಗ್ರಾಂ ಇರುತ್ತದೆ. ತಳಿ, ಮಣ್ಣು, ಹಣ್ಣಾದ ಹದ ಇವುಗಳಿಗೆ ತಕ್ಕಂತೆ ಈ ಅಂಕಿಗಳು ಸಾಕಷ್ಟು ಏರಿಳಿಯುತ್ತವೆಯಾದರೂ, ನಾಲ್ಕು ಪಟ್ಟಿನಷ್ಟಿರುವ ಈ ಅಂತರ ಸಣ್ಣದೇನಲ್ಲ. ಹಾಗಿದ್ದರೂ ಈ ಒಂದು ಅಂಕಿಯನ್ನೇ ಹಿಡಿದು ಸೀಬೆಯನ್ನು ಗೆಲ್ಲಿಸಿಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸೀಬೆಯನ್ನು ಮೆಚ್ಚಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇರೆ ಇದೆ.

ಕಿತ್ತಳೆಗೆ ಈ ಹೆಸರು ಬಂದದ್ದಾದರೂ ಪುಕ್ಕಟೆಯಾಗಿ ಅಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆಯುತ್ತಿದ್ದ ನಾವಿಕರು ವಸಡಿನಲ್ಲಿ ರಕ್ತ ಒಸರಿ, ಹಳೆಯ ಗಾಯಗಳು ಮತ್ತೆ ಬಾಯ್ದೆರೆದು ಸಾಯುತ್ತಿದ್ದ ಕಾಲದಲ್ಲಿ, ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲಿ ಸ್ಕರ್ವಿ ಎಂಬ ಈ ಕಾಯಿಲೆಯಿಂದ ಬಳಲುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೂ ಒಂದೊಂದು ಬಗೆಯ ಉಪಚಾರ ಮಾಡಿ ನೋಡಿದ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಉಳಿದವರೆಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಸ್ಕರ್ವಿ ಬರುವುದು ವಿಟಮಿನ್ ಸಿ ಕೊರತೆಯಿಂದ; ಆದರೆ ಆ ಹಣ್ಣುಗಳಲ್ಲಿದ್ದ ವಸ್ತು ಇದೇ ಎಂದು ತಿಳಿಯಲು 20ನೆಯ ಶತಮಾನದವರೆಗೆ ಕಾಯಬೇಕಾಯಿತು. ಈ ದಿಸೆಯ ಕೆಲಸಕ್ಕಾಗಿ ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ ಅವರಿಗೆ 1937ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ದಪ್ಪ ಸಿಪ್ಪೆಯ ಕಿತ್ತಳೆ ವಾರಗಟ್ಟಲೆ ಕೆಡದೆ ಉಳಿಯುತ್ತದೆ, ಹಣ್ಣಾದ ಸೀಬೆ ಕೆಲವೇ ದಿನಗಳಲ್ಲಿ ಮೆತ್ತಗಾಗಿ ಕೊಳೆಯುತ್ತದೆ. ದೂರದ ಪ್ರಯಾಣವನ್ನು ತಾಳಿಕೊಳ್ಳುವ ಹಣ್ಣಿಗೆ ಹೆಸರೂ ದೂರದವರೆಗೆ ಹಬ್ಬಿತೆಂದು ನನಗನ್ನಿಸುತ್ತದೆ.

ಈಗ ದೇಹದ ಕಡೆಯಿಂದ ಲೆಕ್ಕ ಹಾಕೋಣ. ಬಹುತೇಕ ಪ್ರಾಣಿಗಳು ವಿಟಮಿನ್ ಸಿಯನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿ ಇಲ್ಲದ ಕಾರಣ ಅದು ಆಹಾರದಿಂದಲೇ ಬರಬೇಕು. ವಯಸ್ಕರಿಗೆ ದಿನಕ್ಕೆ ಎಷ್ಟು ಬೇಕೆಂಬುದರ ಬಗ್ಗೆ ಬೇರೆ ಬೇರೆ ದೇಶಗಳ ಶಿಫಾರಸುಗಳು ಬೇರೆ ಬೇರೆಯಾಗಿದ್ದರೂ, ಬಹುಪಾಲು 100 ಮಿಲಿಗ್ರಾಂ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇವೆ. ಮಧ್ಯಮ ಗಾತ್ರದ ಒಂದು ಕಿತ್ತಳೆಯಿಂದ ಸುಮಾರು 70 ಮಿಲಿಗ್ರಾಂ ಸಿಗುತ್ತದೆ, ಅಂದರೆ ಒಂದೇ ಹಣ್ಣಿನಿಂದ ದಿನದ ಅಗತ್ಯದ ದೊಡ್ಡ ಪಾಲು ಪೂರೈಸುತ್ತದೆ. ಸೇವಿಸುವ ಪ್ರಮಾಣ ಹೆಚ್ಚಿದಂತೆ ಕರುಳು ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತಾ ಹೋಗುತ್ತದೆ, ರಕ್ತದಲ್ಲಿ ಹೆಚ್ಚಾದದ್ದು ಮೂತ್ರದ ಮೂಲಕ ಹೊರಹೋಗುತ್ತದೆ. ಆದ್ದರಿಂದ ದಿನವೂ ಹಣ್ಣು ತರಕಾರಿ ತಿನ್ನುವವರಿಗೆ ಸೀಬೆಯ ನಾಲ್ಕು ಪಟ್ಟು ವಿಟಮಿನ್ ಸಿ ನಾಲ್ಕು ಪಟ್ಟು ಪ್ರಯೋಜನವನ್ನು ಕೊಡುವುದಿಲ್ಲ. ದಿನದಲ್ಲಿ ಬೇರೆ ಹಣ್ಣು, ಹಸಿ ತರಕಾರಿ ಯಾವುದನ್ನೂ ತಿನ್ನದೆ ಅರ್ಧ ಸೀಬೆಯನ್ನಷ್ಟೇ ತಿನ್ನುವವರಿಗೆ ಮಾತ್ರ ಆ ಅಂತರ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ.

ನಾರಿನಂಶದ ವಿಷಯ ಹಾಗಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟನ್ನು ತಿನ್ನುವವರು ಕಡಿಮೆ. ಇಲ್ಲಿ ಹೆಚ್ಚುವರಿಯಾಗಿ ಸಿಕ್ಕಿದ್ದು ವ್ಯರ್ಥವಾಗಿ ಹೋಗುವುದಿಲ್ಲ. 100 ಗ್ರಾಂ ಸೀಬೆಯಲ್ಲಿ ಸುಮಾರು 5.4 ಗ್ರಾಂ ನಾರಿದ್ದರೆ ಕಿತ್ತಳೆಯಲ್ಲಿ ಸುಮಾರು 2.4 ಗ್ರಾಂ. ಸೀಬೆಯನ್ನು ಅಡ್ಡಲಾಗಿ ಹೆಚ್ಚಿ ನೋಡಿದರೆ ಇದರ ಕಾರಣ ಕಣ್ಣಿಗೇ ಕಾಣುತ್ತದೆ: ಹೊರಗೆ ತೆಳುವಾದ ಹಸಿರು ಸಿಪ್ಪೆ, ಅದರ ಒಳಗೆ ಗಟ್ಟಿ ತಿರುಳು, ನಡುವೆ ಮೆತ್ತನೆಯ ಭಾಗದಲ್ಲಿ ಒತ್ತೊತ್ತಾಗಿ ಕೂತ ಬೀಜಗಳು. ತಿರುಳನ್ನು ಜಗಿಯುವಾಗ ಹಲ್ಲಿಗೆ ಮರಳಿನಂತೆ ಸಿಗುವುದು ಗಟ್ಟಿ ಗೋಡೆಯ ಜೀವಕೋಶಗಳ ಗುಂಪು. ಇವೆಲ್ಲವೂ ಹೊಟ್ಟೆ ಸೇರುತ್ತವೆ. ಸಿಪ್ಪೆಯಲ್ಲಿ ಮತ್ತು ಅದಕ್ಕೆ ತಾಗಿದ ತಿರುಳಿನಲ್ಲಿ ವಿಟಮಿನ್ ಸಿ ಕೂಡ ಹೆಚ್ಚಾಗಿರುವುದರಿಂದ, ಸೀಬೆಯ ಸಿಪ್ಪೆ ಹೆರೆದು ಬೀಜ ತೆಗೆದು ತಿನ್ನುವುದೆಂದರೆ ಅದರ ಮುಖ್ಯ ಗುಣಗಳನ್ನೇ ಬದಿಗಿಟ್ಟಂತೆ. ಚೆನ್ನಾಗಿ ತೊಳೆದು ಇಡಿಯಾಗಿ ತಿನ್ನಬೇಕೆಂದು ಒತ್ತಿ ಹೇಳಬಯಸುತ್ತೇನೆ.

ಸಕ್ಕರೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ, 100 ಗ್ರಾಂಗೆ 9 ಗ್ರಾಂ ಆಸುಪಾಸು. ಶಕ್ತಿಯ ಲೆಕ್ಕದಲ್ಲಿ ಸೀಬೆ ಸುಮಾರು 68 ಕಿಲೋಕ್ಯಾಲೊರಿ, ಕಿತ್ತಳೆ 47. ಕೆಂಪು ತಿರುಳಿನ ಸೀಬೆಯಲ್ಲಿ ಟೊಮ್ಯಾಟೊಗೆ ಬಣ್ಣ ಕೊಡುವ ಲೈಕೊಪೀನ್ ಕೂಡ ಇರುತ್ತದೆ.

ಕಿತ್ತಳೆಯನ್ನು ಕೆಳಗಿಳಿಸಲು ನಾನು ಇದನ್ನು ಬರೆಯುತ್ತಿಲ್ಲ. ಕ್ಯಾಲ್ಸಿಯಂ ಅದರಲ್ಲಿ ಸೀಬೆಯ ಎರಡು ಪಟ್ಟಿನಷ್ಟು, 100 ಗ್ರಾಂಗೆ ಸುಮಾರು 40 ಮಿಲಿಗ್ರಾಂ ಇದೆ. ತೊಳೆಗಳಿಗೆ ಅಂಟಿಕೊಂಡಿರುವ ಬಿಳಿಯ ನಾರನ್ನು ಎಳೆ ಎಳೆಯಾಗಿ ಬಿಡಿಸಿ ಎಸೆಯುವುದು ಹಲವರ ಅಭ್ಯಾಸ. ಪೆಕ್ಟಿನ್ ಎಂಬ ಕರಗುವ ನಾರು ಮತ್ತು ಹೆಸ್ಪೆರಿಡಿನ್ ಎಂಬ ಫ್ಲೇವನಾಯ್ಡ್ (ಸಸ್ಯಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಅದರಲ್ಲಿ ಹೇರಳವಾಗಿರುವುದರಿಂದ ಅದನ್ನು ಉಳಿಸಿಕೊಂಡು ತಿನ್ನುವುದು ಒಳ್ಳೆಯದು. ಹಲ್ಲು ಗಟ್ಟಿಯಿಲ್ಲದ ಹಿರಿಯರಿಗೆ ಸೀಬೆಯ ಬೀಜ ಕಷ್ಟ, ಕಿತ್ತಳೆ ಸುಲಭ. ಇನ್ನೂ ಮುಖ್ಯವಾದ ಮಾತೆಂದರೆ, ಸೀಬೆಯಲ್ಲಿ ಪೊಟ್ಯಾಶಿಯಂ ಸುಮಾರು 417 ಮಿಲಿಗ್ರಾಂ, ಕಿತ್ತಳೆಯಲ್ಲಿ ಸುಮಾರು 181. ಆರೋಗ್ಯವಂತರಿಗೆ ಇದು ಸೀಬೆಯ ಒಳ್ಳೆಯ ಗುಣವೇ. ಆದರೆ ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಶಿಯಂ ಮಿತಗೊಳಿಸಬೇಕೆಂದು ವೈದ್ಯರು ಹೇಳಿರುವವರಿಗೆ ಅದೇ ತೊಡಕಾಗುತ್ತದೆ. ಅಂಥವರು ಕೋಷ್ಟಕ ನೋಡಿ ತಾವೇ ತೀರ್ಮಾನಿಸದೆ, ಎರಡೂ ಹಣ್ಣುಗಳ ಬಗ್ಗೆ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಎರಡರಲ್ಲಿ ಯಾವುದನ್ನೇ ಆರಿಸಿಕೊಂಡರೂ ಊಟದ ಜೊತೆಗೇ ತಿಂದರೆ ಇನ್ನೊಂದು ಲಾಭವಿದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಹೊತ್ತಿನಲ್ಲಿ ಹೊಟ್ಟೆಯಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ರಕ್ತಹೀನತೆ ಇರುವವರಿಗೆ ಇದು ಬಹಳ ಉಪಯುಕ್ತ. ಹಣ್ಣಿನ ರಸದಿಂದಲೂ ಈ ಕೆಲಸ ಆಗುತ್ತದೆಯಾದರೂ, ಸೋಸಿದ ರಸದಲ್ಲಿ ನಾರು ಹೆಚ್ಚುಕಡಿಮೆ ಉಳಿದಿರುವುದಿಲ್ಲ. ಒಂದು ಲೋಟ ರಸಕ್ಕೆ ಮೂರೋ ನಾಲ್ಕೋ ಕಿತ್ತಳೆ ಬೇಕಾಗುವುದರಿಂದ, ಅಷ್ಟೂ ಹಣ್ಣಿನ ಸಕ್ಕರೆ ಒಂದೆರಡು ನಿಮಿಷದಲ್ಲಿ ಒಳಗೆ ಹೋಗುತ್ತದೆ. ಅದೇ ಹಣ್ಣುಗಳನ್ನು ಬಿಡಿಸಿ ತಿನ್ನಲು ಕೂತರೆ ಎರಡನೆಯದಕ್ಕೇ ಸಾಕೆನಿಸುತ್ತದೆ.