ಮೀಟರಿನಲ್ಲಿ 12.7 ಇದೆಯಲ್ಲ!

ಈ ವಾರ ಬಂದ ಗಾಡಿಯಲ್ಲಿ ಬ್ಯಾಟರಿ ಎರಡು: ಮುಂದಿನದು ಇಂಜಿನ್ನಿಗೆ, ಹಿಂಬದಿಯದು ಫ್ರಿಜ್, ಲೈಟುಗಳಿಗೆ. ಇಂಜಿನ್ ಓಡುವಾಗ ಎರಡನ್ನೂ ಸೇರಿಸಿ, ಆರಿದಾಗ ಬೇರ್ಪಡಿಸುವುದು ಐಸೋಲೇಟರ್. ಯಜಮಾನರು ಬಾನೆಟ್ ಎತ್ತುವ ಮುಂಚೆಯೇ ತೀರ್ಪು ಕೊಟ್ಟುಬಿಟ್ಟಿದ್ದರು. "ಹಿಂದಿನ ಬ್ಯಾಟರಿನೇ ಸರಿ ಇಲ್ಲ. ಇದು ಮೂರನೇದು. ಐಸೋಲೇಟರೂ ಹೊಸದು. ಮೀಟರಿನಲ್ಲಿ 12.7 ಇದೆಯಲ್ಲ, ಆದ್ರೂ ರಾತ್ರಿ ಎರಡಕ್ಕೆಲ್ಲ ಫ್ರಿಜ್ ಬಂದ್!"

12.7 ಇದೆಯಲ್ಲ. ಆ ಮಾತು ಇನ್ನೂ ಕಿವಿಯಲ್ಲಿದೆ. 12.7 ವೋಲ್ಟ್ ಎಂದರೆ ಬ್ಯಾಟರಿ ತುಂಬಿದೆ ಎಂದು ಅವರ ಲೆಕ್ಕ. ಅವರು ಅಳೆದದ್ದು ಇಂಜಿನ್ ಆರಿಸಿದ ಐದು ನಿಮಿಷಕ್ಕೆ. ಆಗ ಮೀಟರ್ ತೋರಿಸುವುದು ಬ್ಯಾಟರಿಯೊಳಗಿನ ಪ್ಲೇಟುಗಳ ಮೇಲ್ಮೈಯಲ್ಲಷ್ಟೇ ನಿಂತ ಚಾರ್ಜನ್ನು. ಹಿಂದಿನ ಬ್ಯಾಟರಿಯ ಲೈಟುಗಳನ್ನು ಹತ್ತು ನಿಮಿಷ ಉರಿಸಿ, ಎಲ್ಲ ಆರಿಸಿ, ಒಂದು ಗಂಟೆ ಬಿಟ್ಟು ನೋಡಿದರೆ 12.2. ಲೆಡ್ ಆಸಿಡ್ ಬ್ಯಾಟರಿಗೆ ಅದು ಹೆಚ್ಚುಕಮ್ಮಿ ಅರ್ಧ ಹೊಟ್ಟೆ.

ದಿನವಿಡೀ ಓಡಿಸಿಯೂ ಅರ್ಧವೇ ಯಾಕೆ? ಇಂಜಿನನ್ನು 1,500 ಆರ್‌ಪಿಎಂಗೆ ಏರಿಸಿ ಹಿಡಿದು, ಫ್ರಿಜ್, ಲೈಟು ಹಾಕಿ ನೋಡಬೇಕು. ಮುಂದಿನ ಬ್ಯಾಟರಿಯಲ್ಲಿ 14.2, ಹಿಂದಿನದರಲ್ಲಿ 13.0. ಅಂದರೆ ಐಸೋಲೇಟರ್ ಸೇರಿಕೊಂಡಿದೆ, ಕರೆಂಟ್ ಹೋಗುತ್ತಿದೆ. ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ 15 ಆಂಪಿಯರ್. ಆದರೆ ದಾರಿಯಲ್ಲಿ 1.2 ವೋಲ್ಟ್ ಕಳುವಾಗಿದೆ. ಕಳ್ಳ ಪ್ಲಸ್ ಕಡೆಯೋ ಮೈನಸ್ ಕಡೆಯೋ ಎಂದು ತಿಳಿಯಲು ಒಂದು ಉದ್ದನೆಯ ವೈರು ಸಾಕು. ಮೀಟರಿನ ಒಂದು ಕಡ್ಡಿ ಮುಂದಿನ ಪ್ಲಸ್‌ಗೆ, ಇನ್ನೊಂದು ಹಿಂದಿನ ಪ್ಲಸ್‌ಗೆ: 0.25. ಮೈನಸ್‌ನಿಂದ ಮೈನಸ್‌ಗೆ: 0.95! ಕಡ್ಡಿಯನ್ನು ವೈರಿನ ತುದಿಯ ಲೋಹದ ಲಗ್ ಮೇಲಲ್ಲ, ಬ್ಯಾಟರಿಯ ಸೀಸದ ಗೂಟದ ಮೇಲೆಯೇ ಒತ್ತಬೇಕು, ಇಲ್ಲದಿದ್ದರೆ ಟರ್ಮಿನಲ್ಲಿನ ಸಡಿಲ ಲೆಕ್ಕಕ್ಕೇ ಸಿಗುವುದಿಲ್ಲ. ಕರೆಂಟ್ ಹರಿಯದಿರುವಾಗ ಇದೇ ಜಾಗದಲ್ಲಿ ಸೊನ್ನೆ ಬರುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ವೈರಿಂಗ್ ಮಾಡಿದವರು ಪ್ಲಸ್‌ನ ಕೆಂಪು ವೈರಿಗೆ ಕವಚ ತೊಡಿಸಿ, ಗೇಣಿಗೊಂದು ಟೈ ಬಿಗಿದಿದ್ದರು. ನೋಡಲು ಚೆಂದ. ಮೈನಸ್‌ನ ಕಪ್ಪು ವೈರನ್ನು ಮಾತ್ರ ಬಾಡಿಯ ತಗಡಿಗೆ, ಪೇಂಟಿನ ಮೇಲೆಯೇ, ಒಂದು ಸ್ಕ್ರೂ ಹೊಡೆದು ಮುಗಿಸಿದ್ದರು. ಕೆಂಪಿಗೆ ಸಿಗುವ ಮರ್ಯಾದೆ ಕಪ್ಪಿಗೆ ಸಿಗುವುದೇ ಇಲ್ಲ! ಬಾಡಿಯೂ ಅಡಿಯ ಚೌಕಟ್ಟಾದ ಚಾಸಿಯೂ ಬೇರೆಬೇರೆ ಇರುವ ಇಂಥ ಗಾಡಿಗಳಲ್ಲಿ ಬಾಡಿ ಕೂತಿರುವುದು ರಬ್ಬರಿನ ಮೇಲೆ. ಕರೆಂಟ್ ಮುಂದಕ್ಕೆ ಮರಳಲು ತಗಡಿನಿಂದ ಚಾಸಿಗೆ, ಚಾಸಿಯಿಂದ ಇಂಜಿನ್ನಿಗೆ ದಾರಿ ಎಂದರೆ ಒಂದೆರಡು ತೆಳು ಪಟ್ಟಿ. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಸಡಿಲಾಗುತ್ತದೆ, ಕೆಸರು ನೀರು ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ.

13.0 ವೋಲ್ಟಿನಲ್ಲಿ ಲೆಡ್ ಆಸಿಡ್ ಬ್ಯಾಟರಿ ಎಷ್ಟು ಹೊತ್ತು ಓಡಿಸಿದರೂ ತುಂಬುವುದಿಲ್ಲ. ತುಂಬದೇ ತಿಂಗಳುಗಟ್ಟಲೆ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಮೊದಲ ಎರಡು ಬ್ಯಾಟರಿ ನಿಜಕ್ಕೂ ಸತ್ತಿರಬಹುದು. ಪರೀಕ್ಷಿಸಿ ಸತ್ತಿದೆ ಎಂದವರದು ತಪ್ಪಲ್ಲ. ಕೊಂದದ್ದು ಏನೆಂದು ಯಾರೂ ಕೇಳಲಿಲ್ಲ ಅಷ್ಟೆ. ಅಂಗಡಿಯಲ್ಲಿ ಸಿಗುವ ಸಾಮಾನಿನ ಮೇಲೆಯೇ ಮೊದಲು ಅನುಮಾನ ಬರುತ್ತದೆ. ಪೇಂಟ್ ಕೆರೆಯುವ ಕೆಲಸವನ್ನು ಯಾರೂ ಡಬ್ಬದಲ್ಲಿಟ್ಟು ಮಾರುವುದಿಲ್ಲವಲ್ಲ.

ರಿಪೇರಿ ಚಿಕ್ಕದು. ಮೈನಸ್ ಬಿಚ್ಚಿ, ಚಾಸಿಯಲ್ಲಿ ಬೋಲ್ಟಿನ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, 25 ಚದರ ಮಿಲಿಮೀಟರಿನ ವೈರಿಗೆ ಲಗ್ ಒತ್ತಿಸಿ, ಹಲ್ಲಿನ ವಾಷರ್ ಇಟ್ಟು 8 ಎಂಎಂ ಬೋಲ್ಟ್ ಬಿಗಿಯುವುದು. ಪೇಂಟು, ಗ್ರೀಸು ಏನಿದ್ದರೂ ಬಿಗಿದ ಮೇಲೆ, ಹೊರಗಡೆ. ಮುಂದೆ ಇಂಜಿನ್ನಿನಿಂದ ಚಾಸಿಗೆ ಇರುವ ಪಟ್ಟಿಯನ್ನೂ ಬಿಚ್ಚಿ ಉಜ್ಜಬೇಕು.

ಮತ್ತೆ ಅಳೆದಾಗ ಮೈನಸ್ ಕಡೆ 0.08, ಹಿಂದಿನ ಬ್ಯಾಟರಿಗೆ 13.7. ಆದರೆ ಪ್ಲಸ್ ಕಡೆ 0.25 ಇದ್ದದ್ದು 0.42ಕ್ಕೆ ಏರಿತ್ತು. ಯಜಮಾನರಿಗೆ ಗಾಬರಿ: "ಇದು ಕೆಟ್ಟುಹೋಯ್ತಲ್ಲ!" ಕೆಟ್ಟಿರಲಿಲ್ಲ. ಮೈನಸ್ ಕಡೆಯ ದಾರಿ ತೆರವಾದ ಮೇಲೆ ಕರೆಂಟ್ 15ರಿಂದ 25 ಆಂಪಿಯರಿಗೆ ಏರಿತ್ತು, ಅದೇ ವೈರಿನಲ್ಲಿ ನಷ್ಟವೂ ಅದೇ ಲೆಕ್ಕದಲ್ಲಿ ಏರಿತು. ಐದು ಮೀಟರ್ ಉದ್ದಕ್ಕೆ 10 ಚದರ ಮಿಲಿಮೀಟರಿನ ವೈರು ಸಾಲದು, ಅದನ್ನೂ 25 ಮಾಡಬೇಕು.

ಅಂದಹಾಗೆ, ಆ ಕೆಂಪು ವೈರಿಗೆ ಫ್ಯೂಸ್ ಇದ್ದದ್ದು ಮುಂದಿನ ತುದಿಯಲ್ಲಿ ಮಾತ್ರ. ಎರಡೂ ತುದಿಯಲ್ಲಿ ಬ್ಯಾಟರಿ ಇರುವಾಗ ನಡುವೆ ಎಲ್ಲಿ ಉಜ್ಜಿ ಚಾಸಿಗೆ ತಾಗಿದರೂ ಹಿಂದಿನ ಬ್ಯಾಟರಿಯೇ ಬೆಂಕಿ ಹಚ್ಚುತ್ತದೆ. ಹಿಂದಿನ ತುದಿಗೂ ಫ್ಯೂಸ್ ಹಾಕದೆ ಗಾಡಿ ತೆಗೆಯಬೇಡಿ ಎಂದಾಗ ಅವರು ಹಿಂದಿನ ಬ್ಯಾಟರಿಗೆ ಮತ್ತೊಮ್ಮೆ ಮೀಟರ್ ಇಡುತ್ತಿದ್ದರು.