ಖಾತೆಗೆ ಹಾಕಿದ ಸಹಿ ಖಾತೆಗಷ್ಟೇ

ಉಡುಪಿಯವರಿಗೆ ಬ್ಯಾಂಕು ಹೊಸತಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಇದೇ ಊರಿನಲ್ಲಿ. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯ ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಚಿಲ್ಲರೆ ಕಾಸನ್ನೂ ಜಮೆ ಮಾಡಿಕೊಳ್ಳುತ್ತಿದ್ದರು. ಆ ಕಾಲದಿಂದ ಬೆಳೆದ ನಂಬಿಕೆಯಿಂದಲೇ ಇಲ್ಲಿನ ಹಿರಿಯರು ಬ್ಯಾಂಕಿನವರು ಬೆರಳಿಟ್ಟು ತೋರಿಸಿದಲ್ಲೆಲ್ಲ ಓದದೆ ಸಹಿ ಹಾಕುತ್ತಾರೆ. ಆ ನಂಬಿಕೆಯನ್ನೇ ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ.

ಈಚೆಗೆ ಚಿಕ್ಕಮ್ಮನ ಉಳಿತಾಯ ಖಾತೆಗೆಂದು ಒಂದು ಶಾಖೆಗೆ ಹೋಗಿದ್ದಾಗ ಅರ್ಜಿಯನ್ನು ಪೂರ್ತಿ ಓದಿದೆ. ಹೆಸರು, ವಿಳಾಸ, ನಾಮಿನಿ ಎಲ್ಲ ಮುಗಿದ ಮೇಲೆ, ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ, ತಮ್ಮ ವಿವರಗಳನ್ನು ಬ್ಯಾಂಕಿನ ಸಹಸಂಸ್ಥೆಗಳಿಗೆ ಕೊಡಲೂ ವಿಮೆ, ಸಾಲಗಳ ಬಗ್ಗೆ ಕರೆ ಮಾಡಲೂ ಗ್ರಾಹಕರು ಒಪ್ಪಿದ್ದಾರೆಂಬ ಸಾಲಿತ್ತು. ಅದರ ಮುಂದಿನ ಚೌಕದಲ್ಲಿ ಸರಿ ಗುರುತು ಮೊದಲೇ ಅಚ್ಚಾಗಿತ್ತು. ಚಿಕ್ಕಮ್ಮನಿಗೆ ಕನ್ನಡ ಸರಾಗ, ಇಂಗ್ಲಿಷ್ ಓದಲು ಬರುವುದಿಲ್ಲ. ಅರ್ಥ ತಿಳಿದ ಮೇಲೆ ಅವರು ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಖಾತೆ ತೆರೆಯಲು ಅದರಿಂದ ಅಡ್ಡಿಯಾಗಲಿಲ್ಲ.

ಆಗಲೂಬಾರದು. ಖಾತೆ ತೆರೆಯಲು ಪಡೆದ ಮಾಹಿತಿ ಗೋಪ್ಯವೆಂದೂ, ಗ್ರಾಹಕರ ಸ್ಪಷ್ಟ ಅನುಮತಿಯಿಲ್ಲದೆ ಅದನ್ನು ಬೇರೆ ಉತ್ಪನ್ನಗಳ ಮಾರಾಟಕ್ಕಾಗಲಿ ಇನ್ನಾವುದೇ ಉದ್ದೇಶಕ್ಕಾಗಲಿ ಬಿಟ್ಟುಕೊಡಬಾರದೆಂದೂ ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ನಿರ್ದೇಶನಗಳೇ ಹೇಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ಆಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು, ಅದನ್ನು ಕೇಳುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಅವಕಾಶವಿರಬೇಕು ಎನ್ನುತ್ತದೆ. ಈ ಕಾಯ್ದೆ ಹಂತಹಂತವಾಗಿ ಜಾರಿಗೆ ಬರುವಂಥದ್ದು ನಿಜ, ಆದರೆ ಕನ್ನಡದಲ್ಲಿ ಅರ್ಜಿ ಅಚ್ಚು ಹಾಕಿಸಲು ಬ್ಯಾಂಕುಗಳು ಅದಕ್ಕಾಗಿ ಕಾಯಬೇಕಿಲ್ಲ.

ಆಧಾರ್ ವಿಷಯದಲ್ಲೂ ಇದೇ ಗೊಂದಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯನ್ನು ಕಡ್ಡಾಯಗೊಳಿಸಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ರದ್ದುಪಡಿಸಿತು. ಸರಕಾರದ ಸಹಾಯಧನ ಪಡೆಯುವವರ ಮಾತು ಬೇರೆ; ಉಳಿದವರು ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿಯನ್ನೂ ಕೊಡಬಹುದು. ಆದರೂ ಕೌಂಟರಿನಲ್ಲಿ ಮೊದಲು ಕೇಳುವುದು ಆಧಾರ್ ಜೆರಾಕ್ಸನ್ನೇ. ಅದನ್ನೇ ಕೊಡುವುದಾದರೆ, ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ಮೊದಲು ವಿಚಾರಿಸಿ, ಪ್ರತಿಯ ಮೇಲೆ ಯಾವ ಉದ್ದೇಶಕ್ಕೆ ಕೊಟ್ಟಿದ್ದೆಂದು ದಿನಾಂಕದೊಡನೆ ಬರೆದುಕೊಡುವುದು ಒಳ್ಳೆಯದು. ಸಹಿ ಮಾಡಿದ ಅರ್ಜಿಯ ಒಂದು ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ. ನಾಳೆ ವಿಮೆಯವರ ಕರೆ ಬಂದರೆ ಶಾಖೆಯ ಮ್ಯಾನೇಜರರ ಮುಂದೆ ಇಡಲು ಅದು ಬೇಕಾಗುತ್ತದೆ.